ತಿರುವಿನ ಆಚೆಯ ಹಾರ್ನ್

ದೆವ್ವ, ಶಕುನ, ಕನಸಿನಲ್ಲಿ ಬಂದು ಎಚ್ಚರಿಸಿ ಹೋದ ತಾತ, ಇಂಥದನ್ನು ಯಾರಾದರೂ ಹೇಳಲು ತೊಡಗಿದರೆ ಖಾಲಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದವಳು ನಾನು. ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿದವಳು. ಯಾವ ಶಬ್ದಕ್ಕೂ ಒಂದು ಮೂಲ ಇರಲೇಬೇಕು ಎಂದು ಮದುವೆಗೆ ಮುಂಚೆ ಒಂದೆರಡು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದ್ದೂ ಉಂಟು. ಆ ಮಾತನ್ನು ಈಗಲೂ ನಂಬುತ್ತೇನೆ. ನಂಬುವುದೇ ನನ್ನ ತೊಂದರೆ. ಎಷ್ಟೋ ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನಾನು ಕೇಳಿದ ಒಂದು ಶಬ್ದಕ್ಕೆ ಇವತ್ತಿನವರೆಗೂ ಮೂಲ ಸಿಕ್ಕಿಲ್ಲ. ಆ ಶಬ್ದ ಕೇಳಿಸದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ನನ್ನ ಮಗಳೂ ಇರುತ್ತಿರಲಿಲ್ಲ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಇಷ್ಟು ಹೊತ್ತಿಗೆ ಲೋಟ ಎತ್ತಿಕೊಂಡು ಒಳಗೆ ಹೋಗಿರುತ್ತಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಯಜಮಾನರಿಗೆ ಅಮೆರಿಕದ ಸನಿವೇಲ್‌ನಲ್ಲಿ ಕೆಲಸ. ನಾವು ಬಾಡಿಗೆಗಿದ್ದದ್ದು ಲಾಸ್ ಗ್ಯಾಟೋಸ್‌ನಲ್ಲಿ, ಬೆಟ್ಟದ ಬುಡದಲ್ಲಿ, ಒಬ್ಬ ಇಟಾಲಿಯನ್ ಮುದುಕಿಯ ಹಿತ್ತಲಿನ ಕಾಟೇಜಿನಲ್ಲಿ. ಆಗಿನ್ನೂ ಆ ಕಡೆ ಪ್ಲಮ್ ಮರಗಳ ತೋಟಗಳು ಅಲ್ಲಲ್ಲಿ ಉಳಿದಿದ್ದವು. ಮುದುಕಿಯ ಹೆಸರು ಕತರೀನಾ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಾಲ್ಕು ವರ್ಷದ ನನ್ನ ಮಗಳು ವಿನು ಅವರನ್ನು ನೊನ್ನಾ ಎನ್ನುತ್ತಿದ್ದಳು. ಅವರ ಭಾಷೆಯಲ್ಲಿ ಅಜ್ಜಿ ಎಂದರ್ಥ. ನಾವೂ ಹಾಗೇ ಕರೆಯತೊಡಗಿದೆವು.

ನೊನ್ನಾ ಲಿಗೂರಿಯಾದವರು. ಇಟಲಿ ಎಂದರೆ ಒಂದೇ ದೇಶ ಎಂದುಕೊಂಡಿದ್ದ ನನಗೆ, ತಾನು ಇಟಲಿಯವಳಲ್ಲ, ಲಿಗೂರಿಯಾದವಳು ಎಂದು ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದರು. ಬೆಟ್ಟ ನೇರವಾಗಿ ಬಂದು ಸಮುದ್ರಕ್ಕೆ ಧುಮುಕುವ ನಾಡಂತೆ ಅದು. ನಡುವೆ ಒಂದು ಪಟ್ಟಿಯಷ್ಟು ನೆಲ. ಸಮತಟ್ಟಾದ ಜಾಗವೇ ಇಲ್ಲದ್ದರಿಂದ ಜನ ಬೆಟ್ಟಕ್ಕೆ ಮೆಟ್ಟಿಲು ಕಡಿದು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಜೋಡಿಸಿ ಗೋಡೆ ಕಟ್ಟಿ, ಆ ಗೋಡೆಗಳ ಹಿಂದೆ ಹಿಡಿಮಣ್ಣಿನಲ್ಲಿ ಆಲಿವ್, ದ್ರಾಕ್ಷಿ, ನಿಂಬೆ ಬೆಳೆಯುತ್ತಾರೆ. ಮಳೆಗಾಲ ಮುಗಿದಾಗ ಬಿದ್ದ ಗೋಡೆಗಳನ್ನು ಮನೆಮಂದಿಯೆಲ್ಲ ಸೇರಿ ಮತ್ತೆ ಎಬ್ಬಿಸುವುದು ಅಲ್ಲಿಯ ವಾರ್ಷಿಕ ಕೆಲಸ. "ನಮ್ಮಪ್ಪ ಬೇಸಾಯ ಮಾಡಿದ್ದು ಕಡಿಮೆ, ಕಲ್ಲು ಹೊತ್ತಿದ್ದೇ ಜಾಸ್ತಿ" ಎನ್ನುತ್ತಿದ್ದರು ನೊನ್ನಾ.

ಆ ನಾಡನ್ನು ನಾನು ನೋಡಿದ್ದು ಅವರ ಅಡುಗೆಮನೆಯಿಂದ. ಮೊದಲ ಸಲ ಒಳಗೆ ಹೋದಾಗ ಕಿಟಕಿಯ ಬಳಿ ಸಾಲಾಗಿ ಕುಂಡಗಳಿದ್ದವು, ಎಲ್ಲದರಲ್ಲೂ ತುಳಸಿ. ಈ ದೇಶದಲ್ಲಿ ಇಷ್ಟೊಂದು ತುಳಸಿಯೇ ಎಂದು ನನ್ನ ಕೈ ತಾನಾಗಿ ಮುಗಿಯಿತು. ಮುದುಕಿ ನನ್ನನ್ನೇ ನೋಡುತ್ತ ಎರಡು ಹಿಡಿ ಎಲೆ ಕಿತ್ತು, ಬೆಳ್ಳುಳ್ಳಿಯ ಜೊತೆ ಕಲ್ಲಿನ ಒರಳಿಗೆ ಹಾಕಿ ಕುಟ್ಟಲು ಶುರುಮಾಡಿದರು. ನಾನು ಅಯ್ಯೋ ಎಂದೆ. ಆಮೇಲೆ ಎಲೆ ಮೂಸಿ ನೋಡಿದರೆ ಅದು ತುಳಸಿಯ ತಂಗಿ, ನಮ್ಮ ಕಾಮಕಸ್ತೂರಿ. ಅದನ್ನು ಪೈನ್ ಬೀಜ, ಚೀಸು, ಆಲಿವ್ ಎಣ್ಣೆಯ ಜೊತೆ ಅರೆದು ಮಾಡುವ ಹಸಿರು ಚಟ್ನಿಯೇ ಪೆಸ್ಟೋ. "ಏನೇ ಹುಡುಗಿ, ನಿನ್ನ ದೇವರನ್ನ ಅರೆದುಬಿಟ್ಟೆನಾ?" ಎಂದು ಅವರು ತಿಂಗಳುಗಟ್ಟಲೆ ಚುಡಾಯಿಸಿದರು. ಕಡಲೆಹಿಟ್ಟನ್ನು ನೀರಾಗಿ ಕಲಸಿ, ಎಣ್ಣೆ ಸುರಿದು, ಅಗಲವಾದ ತಾಮ್ರದ ತಟ್ಟೆಯಲ್ಲಿ ಬೇಯಿಸುವ ಫರಿನಾತಾ ಎಂಬ ರೊಟ್ಟಿ ತಿಂದಾಗ ಮಾತ್ರ ನನಗೆ ಊರಿಗೇ ಹೋದಂತಾಯಿತು. ಒಮ್ಮೆ ಅವರಿಗೆ ಹೇಳದೆ ಅದಕ್ಕೆ ಹಸಿಮೆಣಸಿನಕಾಯಿ, ಜೀರಿಗೆ ಹಾಕಿಬಿಟ್ಟೆ. ನೊನ್ನಾ ಒಂದು ತುಂಡು ಬಾಯಿಗಿಟ್ಟು ಕಣ್ಣಲ್ಲಿ ನೀರು ತಂದುಕೊಂಡು, "ಇದು ಫರಿನಾತಾ ಅಲ್ಲ, ಜಗಳ" ಎಂದರು. ಎಂದು ಇನ್ನೊಂದು ತುಂಡು ತೆಗೆದುಕೊಂಡರು.

ನಾನು ಆಗಷ್ಟೇ ಡ್ರೈವಿಂಗ್ ಕಲಿತಿದ್ದೆ. ಕಲಿಸಿದವರು ನಮ್ಮ ಯಜಮಾನರು. ಅವರು ನನಗೆ ಕಲಿಸಿದ್ದಕ್ಕಿಂತ ಬಿಡಿಸಿದ್ದು ಜಾಸ್ತಿ, ಅದರಲ್ಲಿ ಮುಖ್ಯವಾದದ್ದು ಹಾರ್ನು. "ಹಾರ್ನ್ ಮುಟ್ಟಬೇಡ ಕಣೆ. ಇಲ್ಲಿ ಹಾರ್ನ್ ಮಾಡೋದು ಅಂದ್ರೆ ಮುಖಕ್ಕೆ ಬೈದಂಗೆ. ಇದು ಮೈಸೂರು ಮಾರ್ಕೆಟ್ ಅಲ್ಲ" ಎಂದು ಪ್ರತಿ ದಿನ ಹೇಳುತ್ತಿದ್ದರು. ಹೊಸದಾಗಿ ಬಂದ ನಮ್ಮವರೆಲ್ಲ ಮಾಡುತ್ತಿದ್ದ ತಪ್ಪು ಅದು. ಯಾರನ್ನೋ ದಾಟುವಾಗ ಅಭ್ಯಾಸಬಲದಿಂದ ಹಾರ್ನ್ ಒತ್ತಿ, ಮುಂದಿನವನು ಕಾರು ನಿಲ್ಲಿಸಿ ಇಳಿದು ಬಂದ ಕತೆಗಳು ನಮ್ಮ ಕನ್ನಡದವರ ಮನೆಮನೆಯಲ್ಲೂ ಇದ್ದವು.

ನೊನ್ನಾಗೆ ಪಿಯೆತ್ರೋ ಎಂಬ ಚಿಕ್ಕಪ್ಪನ ಮಗನಿದ್ದ. ಬೆಟ್ಟದ ನೆತ್ತಿ ದಾಟಿ ಸ್ವಲ್ಪ ಮುಂದೆ ಅವನ ಮನೆ, ಸುತ್ತ ಒಂದಷ್ಟು ಆಲಿವ್ ಮರ. ಪ್ರತಿ ಚಳಿಗಾಲದಲ್ಲೂ ನೊನ್ನಾ ಹೋಗಿ ಒಂದು ಬಕೆಟ್ ಕಾಯಿ ತಂದು ಉಪ್ಪುನೀರಿನಲ್ಲಿ ಹಾಕುತ್ತಿದ್ದರು. ಆ ವರ್ಷ ಕರೆದುಕೊಂಡು ಹೋಗುವವರು ಯಾರೂ ಸಿಗಲಿಲ್ಲ. ನಾನು ಕರೆದುಕೊಂಡು ಹೋಗುತ್ತೇನೆ ಎಂದೆ. ಎರಡು ದಿನ ಬಿಡದೆ ಸುರಿದ ಮಳೆ ಅವತ್ತು ಬೆಳಿಗ್ಗೆ ನಿಂತಿತ್ತು. ಬಿಸಿಲು ಬಂದಿತ್ತು. ವಿನುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ನಮ್ಮ ಹಳೆಯ ಸಣ್ಣ ಜಪಾನಿ ಕಾರಿನಲ್ಲಿ ಸರಟೋಗಾದ ಮೇಲೆ ಹಾದು, ಒಂದು ಹಳೆಯ ಇಕ್ಕಟ್ಟಾದ ಕೌಂಟಿ ರಸ್ತೆ ಹಿಡಿದು ಬೆಟ್ಟ ಹತ್ತಿದೆವು. ರಸ್ತೆ ಒದ್ದೆಯಾಗಿತ್ತು, ಅಲ್ಲಲ್ಲಿ ಸಣ್ಣ ಕಲ್ಲುಗಳು ಉರುಳಿದ್ದವು. ಬೇರೇನೂ ಇರಲಿಲ್ಲ. ನೆತ್ತಿಯ ಮೇಲೆ ಒಂದು ಕಡೆ ಕಾರು ನಿಲ್ಲಿಸಿದಾಗ ಪಡುವಣದಲ್ಲಿ ಬೆಟ್ಟಗಳು ಒಂದರ ಹಿಂದೊಂದು ಇಳಿಯುತ್ತ ಹೋಗಿ ಕೊನೆಯಲ್ಲಿ ಸಮುದ್ರದ ಒಂದು ಗೆರೆ ಕಂಡಿತು. ನಿಮ್ಮೂರು ಹೀಗೇನಾ ಎಂದು ಕೇಳಿದೆ. ನೊನ್ನಾ ಬಹಳ ಹೊತ್ತು ನೋಡಿ, "ಬೆಟ್ಟ ಸರಿಯಾಗಿದೆ. ಸಮುದ್ರವನ್ನು ತಪ್ಪು ಕಡೆ ಇಟ್ಟಿದ್ದಾರೆ" ಎಂದರು. ಅವರ ಊರಿನಲ್ಲಿ ಸಮುದ್ರ ತೆಂಕಣಕ್ಕಂತೆ.

ಪಿಯೆತ್ರೋನ ಮನೆಯಲ್ಲಿ ಕಾಯಿ ಕಿತ್ತು, ಊಟ ಮಾಡಿದೆವು. ಕಾಳು ತರಕಾರಿಗಳ ಗಟ್ಟಿ ಸಾರು, ಅದರ ನಡುವೆ ಒಂದು ಚಮಚ ಪೆಸ್ಟೋ, ಎಣ್ಣೆಯಲ್ಲಿ ಮಿಂದ ದಪ್ಪ ರೊಟ್ಟಿ. ಅಣ್ಣ ತಂಗಿ ತಮ್ಮ ಭಾಷೆಯಲ್ಲಿ ಹರಟುತ್ತ ಕೂತರು, ನಾನೂ ಎಬ್ಬಿಸಲಿಲ್ಲ. ಹೊರಡುವ ಹೊತ್ತಿಗೆ ಕಣಿವೆಯಿಂದ ಮಂಜು ಏಳತೊಡಗಿತ್ತು. ರಾತ್ರಿ ಇಲ್ಲೇ ಇದ್ದುಬಿಡಿ ಎಂದ ಪಿಯೆತ್ರೋ. ಯಜಮಾನರಿಗೆ ಅಡುಗೆ ಆಗಬೇಕು ಎಂದೆ. ಕತ್ತಲಾಗಲು ಇನ್ನೂ ಬಹಳ ಹೊತ್ತಿತ್ತು.

ನೆತ್ತಿ ದಾಟಿ ಇಳಿಜಾರಿಗೆ ಬಿದ್ದ ಸ್ವಲ್ಪ ಹೊತ್ತಿಗೆ ಮಂಜು ಪೂರ್ತಿ ಮುಚ್ಚಿಕೊಂಡಿತು. ಕಾರಿನ ಮೂತಿ ಬಿಟ್ಟರೆ ರಸ್ತೆಯ ನಡುವಿನ ಹಳದಿ ಗೆರೆ ಕಾಣುತ್ತಿತ್ತು, ಅದೂ ತುಂಡು ತುಂಡಾಗಿ. ಬಲಗಡೆ ಬೆಟ್ಟದ ಮೈ. ಎಡಗಡೆ ಕಣಿವೆ ಇದೆ ಎಂದು ಗೊತ್ತಿತ್ತು, ಕಾಣುತ್ತಿರಲಿಲ್ಲ. ನಿಲ್ಲಿಸೋಣವೆಂದರೆ ಹಿಂದಿನಿಂದ ಯಾರಾದರೂ ಬಂದು ಗುದ್ದುವ ಭಯ. ನಾನು ಸ್ಟಿಯರಿಂಗಿಗೆ ಮೂಗು ತಾಗಿಸಿಕೊಂಡು ಮೆಲ್ಲಗೆ ಇಳಿಸುತ್ತಿದ್ದೆ. ವಿನು ಹಿಂದೆ ಮಲಗಿಬಿಟ್ಟಿದ್ದಳು.

ನೊನ್ನಾಗೆ ಗಾಬರಿಯೇ ಇರಲಿಲ್ಲ. ಮಂಜಿನಲ್ಲಿ ಅವರಿಗೆ ಅವರ ಊರಿನ ರಸ್ತೆ ಕಾಣುತ್ತಿದ್ದಂತಿತ್ತು. ಈ ತಿರುವಿನಲ್ಲಿ ಒಂದು ಗುಡಿ, ಮುಂದಿನದರಲ್ಲಿ ಎತ್ತರದ ಗೋಡೆಯ ನಿಂಬೆ ತೋಟ, ಅದರ ಮುಂದೆ ಚೆಸ್ಟ್‌ನಟ್ ಕಾಡು, ಶರತ್ಕಾಲದಲ್ಲಿ ಅಲ್ಲಿ ಕಾಯಿ ಬಿದ್ದು ದಾರಿಯೆಲ್ಲ ಮುಳ್ಳು, ಎಂದು ಹೇಳುತ್ತ ಹೋದರು. ಒಂದು ಕುರುಡು ತಿರುವು ಬಂದಾಗ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, "ಹಾರ್ನ್ ಯಾಕೆ ಮಾಡ್ತಿಲ್ಲ ನೀನು?" ಎಂದು ಗದರಿದರು. ಇಲ್ಲಿ ಮಾಡಬಾರದಂತೆ ಎಂದೆ. "ಯಾರು ಹೇಳಿದ್ದು? ಬೆಟ್ಟಕ್ಕೆ ಅದೆಲ್ಲ ಗೊತ್ತಾ?"

ಆಮೇಲೆ ವಿವರಿಸಿದರು. ಅವರ ಕಡೆ ಬೆಟ್ಟದ ಊರುಗಳಿಗೆ ಹೋಗುವ ಬಸ್ಸಿಗೆ ಕೊರ್ರಿಯೆರಾ ಎಂದು ಹೆಸರು. ಅದು ಓಡುವ ರಸ್ತೆಗಳಲ್ಲಿ ನೀಲಿ ಫಲಕದ ಮೇಲೆ ಹಳದಿ ಕೊಂಬಿನ ಚಿತ್ರ ಇರುತ್ತದಂತೆ. ಅಲ್ಲಿ ಕುರುಡು ತಿರುವು ಬಂದರೆ ಹಾರ್ನ್ ಮಾಡಲೇಬೇಕು. ಆಚೆಯಿಂದ ಬಸ್ಸು ಉತ್ತರ ಕೊಟ್ಟರೆ ಚಿಕ್ಕ ಗಾಡಿ ಎಲ್ಲಿದೆಯೋ ಅಲ್ಲೇ ಬೆಟ್ಟದ ಮಗ್ಗುಲಿಗೆ ಅಂಟಿ ನಿಲ್ಲಬೇಕು, ಬಸ್ಸು ದಾಟುವವರೆಗೆ ಅಲುಗಬಾರದು. ಪಾದ್ರಿಯ ಗಾಡಿಯೂ ನಿಲ್ಲುತ್ತಿತ್ತಂತೆ. ಇದರಲ್ಲಿ ನನಗೆ ಹೊಸದೇನೂ ಇರಲಿಲ್ಲ. ಚಿಕ್ಕವಳಿದ್ದಾಗ ಅಜ್ಜಿಯ ಜೊತೆ ಪ್ರತಿ ವರ್ಷ ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಅಲ್ಲಿಯ ತಿರುವುಗಳಲ್ಲೂ ಇದೇ ಶಾಸ್ತ್ರ. ಡ್ರೈವರು ಕಿಟಕಿಯಾಚೆ ಕೈ ಹಾಕಿ ರಬ್ಬರ್ ಹಾರ್ನನ್ನು ಭೊಂಪ್, ಭೊಂಪ್ ಎಂದು ಹಿಂಡುತ್ತಿದ್ದ. ಮೇಲಿನಿಂದ ಇಳಿಯುವ ಲಾರಿ ಹತ್ತುವ ಬಸ್ಸಿಗೆ ದಾರಿ ಬಿಟ್ಟು ನಿಲ್ಲುತ್ತಿತ್ತು.

ಹಾಗಾಗಿ ನಾನು ಹಾರ್ನ್ ಮಾಡಿದೆ. ಎಷ್ಟೋ ತಿಂಗಳ ಮೇಲೆ ಮೊದಲ ಸಲ. ನಮ್ಮ ಕಾರಿನದು ತೆಳ್ಳಗಿನ ಪೀ ಎನ್ನುವ ಸದ್ದು. ನಗು ಬಂತು. ಭಯ ಅರ್ಧ ಇಳಿದುಹೋಯಿತು. ಪ್ರತಿ ತಿರುವಿಗೂ ನಾನು ಪೀ ಎನ್ನಿಸುವುದು, ಮುದುಕಿ ತಮ್ಮ ಊರಿನ ಯಾವುದೋ ಜಾಗದ ಹೆಸರು ಹೇಳುವುದು, ಇಬ್ಬರೂ ನಗುವುದು, ಹೀಗೆ ಆಟದಂತೆ ಕೆಲವು ತಿರುವು ಇಳಿದೆವು. ಈ ಮಾತನ್ನು ನೀವು ನೆನಪಿನಲ್ಲಿಡಬೇಕು. ಆಗ ನನಗೆ ಹೆದರಿಕೆ ಇರಲಿಲ್ಲ. ಹೆದರಿ ಏನೋ ಕೇಳಿಸಿಕೊಂಡೆ ಎಂದು ನನಗೆ ಬೇಕಾದಷ್ಟು ಜನ ಹೇಳಿದ್ದಾರೆ.

ಮುಂದಿನ ತಿರುವಿನಲ್ಲಿ ನಾನು ಹಾರ್ನ್ ಮಾಡಿ, ಗೇರು ಇಳಿಸಿ, ಕಾರನ್ನು ಹೊರಳಿಸಲು ಶುರುಮಾಡಿದ್ದೆ. ಆಚೆಯಿಂದ ಉತ್ತರ ಬಂತು.

ಜೋರಾಗಿ, ಹತ್ತಿರದಲ್ಲಿ, ಬಸ್ಸಿನ ಹಾರ್ನ್. ದೊಡ್ಡ ಗಾಡಿ ಹತ್ತಿ ಬರುತ್ತಿದೆ ಎಂಬುದರಲ್ಲಿ ನನಗೆ ಲವಲೇಶ ಅನುಮಾನ ಬರಲಿಲ್ಲ. ನಾನು ಯೋಚಿಸಲೂ ಇಲ್ಲ. ಕಾಲು ಬ್ರೇಕಿಗೆ ಹೋಯಿತು, ಕೈ ಸ್ಟಿಯರಿಂಗನ್ನು ಬೆಟ್ಟದ ಕಡೆ ಎಳೆಯಿತು, ಕನ್ನಡಿ ಕಲ್ಲಿಗೆ ಉಜ್ಜುವಷ್ಟು ಅಂಟಿಸಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಪಕ್ಕದಲ್ಲಿ ನೊನ್ನಾ ಕೈಚೀಲವನ್ನು ಮಡಿಲಲ್ಲಿ ನೆಟ್ಟಗೆ ಇಟ್ಟುಕೊಂಡು, ಬಸ್ಸು ದಾಟುವುದನ್ನು ನೋಡಲು ಕೂತವರಂತೆ ಕೂತರು. ಕಾರು ನಿಂತ ಏಟಿಗೆ ವಿನು ಎದ್ದಳು. ಅವಳು ನಮ್ಮ ಕನ್ನಡವನ್ನೆಲ್ಲ ಅರ್ಥಮಾಡಿಕೊಂಡು ಇಂಗ್ಲಿಷಿನಲ್ಲೇ ಮಾತಾಡುವ ಮಗು.

"ಅಮ್ಮಾ, ವೇರ್ ಈಸ್ ದ ಬಸ್?" ಎಂದಳು.

ಬರುತ್ತೆ ಇರು ಎಂದೆ.

ಬಸ್ಸು ಬರಲಿಲ್ಲ. ಇಂಜಿನ್ನಿನ ಸದ್ದಿಲ್ಲ, ಮಂಜಿನಲ್ಲಿ ದೀಪವಿಲ್ಲ. ಮರಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ನಮಗೆ ದಾರಿ ಬಿಟ್ಟು ಅವನೂ ನಿಂತಿರಬಹುದೆಂದು ಇನ್ನೊಮ್ಮೆ ಹಾರ್ನ್ ಮಾಡಿದೆ. ಉತ್ತರವಿಲ್ಲ. ಇನ್ನು ಹೊರಡೋಣ ಎಂದು ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟೆ. ನೊನ್ನಾ ನನ್ನ ಮಣಿಕಟ್ಟನ್ನು ಹಿಡಿದರು. ಬಸ್ಸು ದಾಟಿಲ್ಲ, ಅಲುಗಬಾರದು ಎಂದರು. ಅಷ್ಟು ಗಟ್ಟಿಯಾದ ಹಿಡಿತ ಆ ಮುದಿ ಕೈಯಲ್ಲಿ ಎಲ್ಲಿತ್ತೋ. ನನಗೆ ಕೊಂಚ ಸಿಟ್ಟೂ ಬಂತು.

ಆಗ ಕಣಿವೆಯಿಂದ ಗಾಳಿ ಎದ್ದು ಮಂಜು ಪಕ್ಕಕ್ಕೆ ಸರಿಯಿತು. ಪೂರ್ತಿಯಲ್ಲ, ಪರದೆ ಸರಿಸಿ ಇಣುಕಿದಂತೆ. ರಸ್ತೆಯ ನಡುವಿನ ಹಳದಿ ಗೆರೆ ನಮ್ಮ ಮುಂದೆ ಸ್ವಲ್ಪ ದೂರ ಹೋಗಿ, ಬಾಗಿ, ಕೆಳಕ್ಕೆ ಜೋತುಬಿದ್ದಿತ್ತು. ಅದರಾಚೆ ರಸ್ತೆ ಇರಲಿಲ್ಲ. ಬೇಲಿಯ ಒಂದು ಕಂಬ ತಂತಿಯಿಂದ ಗಾಳಿಯಲ್ಲಿ ತೂಗಾಡುತ್ತಿತ್ತು. ಕೆಂಪು ಮಣ್ಣು ಹಸಿಯಾಗಿ ಕೆಳಗಿನವರೆಗೆ ಸೀಳಿಕೊಂಡು ಹೋಗಿತ್ತು. ನಾವು ಬೆಳಿಗ್ಗೆ ಹಾದು ಬಂದ ರಸ್ತೆ ಅದೇ. ನಮ್ಮ ಕಾರು ಇನ್ನೊಂದು ಕಾರಿನಷ್ಟು ಮುಂದೆ ಹೋಗಿದ್ದರೆ ಸಾಕಿತ್ತು.

ಮಂಜು ಮತ್ತೆ ಮುಚ್ಚಿಕೊಂಡಿತು. ನಾವು ನಿಂತ ನೆಲವೂ ಜಾರಿದರೆ? ಹಿಂದೆ ಹೋಗಬೇಕು, ಏರಿನಲ್ಲಿ, ಹಿಂದೇನೂ ಕಾಣದೆ. ನಾನು ಬೇಡವೆಂದರೂ ಕೇಳದೆ ನೊನ್ನಾ ಕಲ್ಲಿಗೆ ತಾಗುವವರೆಗೆ ಬಾಗಿಲು ತೆರೆದು, ಆ ಸಂದಿಯಲ್ಲೇ ನುಸುಳಿ ಇಳಿದು, ಕಾರಿನ ಹಿಂದೆ ನಡೆದು ಹೋಗಿ, ಅಂಗೈಯಿಂದ ಡಿಕ್ಕಿಯನ್ನು ಬಡಿದರು. ನಮ್ಮ ಬಸ್ಸುಗಳ ಕಂಡಕ್ಟರು ರಿವರ್ಸ್ ತೆಗೆಸುವಾಗ ಬಡಿಯುತ್ತಾನಲ್ಲ, ಹಾಗೇ. ಎರಡು ಬಡಿತಕ್ಕೆ ಬಿಡುವುದು, ಒಂದಕ್ಕೆ ನಿಲ್ಲುವುದು. ಕ್ಲಚ್ ಬಿಡುವಾಗ ಕಾರು ಒಮ್ಮೆ ಮುಂದಕ್ಕೆ ಜಾರಿತು. ಮಾದಪ್ಪಾ ಎಂದು ಕೂಗಿದ್ದು ನನ್ನ ಬಾಯಿಂದಲೇ. ಆ ಜಾರುವಿಕೆ ಈಗಲೂ ನನ್ನ ಕಾಲಿನಲ್ಲಿದೆ. ಹೇಗೋ ಒಂದು ಅಗಲವಾದ ಜಾಗದವರೆಗೆ ಹಿಂದಕ್ಕೆ ತಂದು, ತಿರುಗಿಸಿಕೊಂಡು, ಪಿಯೆತ್ರೋನ ಮನೆ ಸೇರಿದೆವು. ವಿನು ದಾರಿಯುದ್ದಕ್ಕೂ ಬಸ್ಸು ಯಾಕೆ ಬರಲಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳುತ್ತಲೇ ಇದ್ದಳು.

ಫೋನು ಮಾಡಿದ್ದಾಯಿತು, ಬಿಸಿ ಹಾಲು ಕುಡಿದದ್ದಾಯಿತು. ಒಲೆಯ ಮುಂದೆ ಕೂತು ನೊನ್ನಾ ನಡೆದದ್ದನ್ನು ಅಣ್ಣನಿಗೆ ತಮ್ಮ ಭಾಷೆಯಲ್ಲಿ ಹೇಳುತ್ತಿದ್ದರು. ಹೇಳುತ್ತ ಹಾರ್ನ್ ಹೇಗೆ ಕೂಗಿತೆಂದು ತೋರಿಸಲು ತುಟಿ ಕೂಡಿಸಿ ಮೂರು ಸ್ವರ ಹಾಡಿದರು. ಒಂದು ಕೆಳಗೆ, ಎರಡು ಮೇಲೆ, ಚಿಕ್ಕ ಹಾಡಿನ ತುಣುಕಿನಂತೆ. ಪಿಯೆತ್ರೋ ಹಿಡಿದಿದ್ದ ಲೋಟವನ್ನು ಕೆಳಗಿಟ್ಟು ತಾನೂ ಅದನ್ನೇ ಹಾಡಿದ. ಅವರ ಊರಿನ ಕೊರ್ರಿಯೆರಾದ ಹಾರ್ನ್ ಅದು.

"ಅದಲ್ಲ" ಎಂದೆ.

ಇಬ್ಬರೂ ನನ್ನನ್ನು ನೋಡಿದರು. ನಾನು ಕೇಳಿದ್ದರಲ್ಲಿ ಸ್ವರವೇ ಇರಲಿಲ್ಲ. ಒಂದು ದಪ್ಪ, ಗೊಗ್ಗರು ಸದ್ದು. ಭೊಂಪ್, ಸ್ವಲ್ಪ ಬಿಟ್ಟು ಇನ್ನೊಂದು ಭೊಂಪ್. ನಾನು ಬಾಯಲ್ಲಿ ಅದನ್ನು ಮಾಡಿ ತೋರಿಸಿದೆ. ಮಾಡುವಾಗಲೇ ಅದು ಯಾವುದೆಂದು ನನಗೆ ಹೊಳೆಯಿತು. ಅಲ್ಲಿಯವರೆಗೆ ಬಸ್ಸು ಎಂದಷ್ಟೇ ಅಂದುಕೊಂಡಿದ್ದೆ. ಅಮೆರಿಕದ ಬೆಟ್ಟದ ಮೇಲೆ ರಬ್ಬರ್ ಹಾರ್ನ್ ಹೇಗೆ ಬಂತೆಂದು ಯೋಚಿಸಿಯೇ ಇರಲಿಲ್ಲ. ನೊನ್ನಾ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು.

ಎರಡು ದಿನದ ಮೇಲೆ ಪಿಯೆತ್ರೋ ಫೋನಿನಲ್ಲಿ ಇನ್ನೊಂದು ಸುದ್ದಿ ಹೇಳಿದ. ಕೆಳಗಡೆ, ಬೆಟ್ಟದ ಬುಡದಲ್ಲಿ ದೊಡ್ಡ ಮರವೊಂದು ಅಡ್ಡ ಬಿದ್ದು, ಆ ರಸ್ತೆಯನ್ನು ಅವತ್ತು ನಾವು ಊಟಕ್ಕೆ ಕೂರುವ ಹೊತ್ತಿಗಾಗಲೇ ಮುಚ್ಚಿದ್ದರಂತೆ. ಕೆಳಗಿನಿಂದ ಯಾವ ಗಾಡಿಯೂ ಹತ್ತಿ ಬರುವಂತಿರಲಿಲ್ಲ. ನಡುವೆ ಒಂದು ಬೇಸಿಗೆಯ ಮನೆ ಇದೆ, ಅದಕ್ಕೆ ಬೀಗ. ಹಾಗಿದ್ದರೂ ಅಲ್ಲಿ ಯಾರದೋ ಒಂದು ಲಾರಿ ಇದ್ದಿರಬಹುದು, ಅದರ ಹಾರ್ನೇ ನಮಗೆ ಕೇಳಿರಬಹುದು. ಇದ್ದಿರಬಹುದು ಎಂದು ನಾನೇ ನನಗೆ ಎಷ್ಟು ಸಲ ಹೇಳಿಕೊಂಡಿದ್ದೇನೋ.

ಯಜಮಾನರ ಪ್ರಕಾರ ಅದು ಪ್ರತಿಧ್ವನಿ. "ಎಕೋ ಕಣೆ, ಅಷ್ಟೇ. ಫಿಸಿಕ್ಸ್ ಓದಿದವಳು ನೀನು, ನಾನು ಹೇಳಿಕೊಡ್ಬೇಕಾ?"

"ಎಕೋ ಆಗಿದ್ರೆ ನನ್ನ ಕಾರಿನ ಪೀ ತಾನೇ ವಾಪಸ್ ಬರ್ಬೇಕಿತ್ತು? ನಾನು ಗೇರ್ ಇಳಿಸೋವರ್ಗೂ ಕಾದು ಬರತ್ತೇನ್ರೀ ಎಕೋ?"

ಅವರು ಪೇಪರು ಬಿಡಿಸಿಕೊಂಡರು. ಬರ್ಕ್ಲಿಯಲ್ಲಿ ನಡೆದ ಯುಗಾದಿ ಊಟದಲ್ಲಿ ಇದನ್ನು ಹೇಳಿದಾಗ ಧಾರವಾಡದ ಡಾಕ್ಟರೊಬ್ಬರು, "ಏನ್ರಿ ಅಕ್ಕಾರ, ಮಾದಪ್ಪನ ಬಸ್ಸಿಗೆ ವೀಸಾ ಯಾವಾಗ ಸಿಕ್ತರಿ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅದೇ ಡಾಕ್ಟರು ಕೈ ತೊಳೆಯುವಲ್ಲಿ ನನ್ನ ಪಕ್ಕಕ್ಕೆ ಬಂದು, ಮೆಲ್ಲಗೆ, "ಹುಡುಗಿಗೂ ಕೇಳಿಸಿತ್ತೇನ್ರಿ?" ಎಂದು ಕೇಳಿದರು.

ವಿನು ಬಸ್ಸೆಲ್ಲಿ ಎಂದು ಕೇಳಿದಳು, ನಿಜ. ಮಲಗಿದ್ದವಳು ಎದ್ದ ಕೂಡಲೇ ಕೇಳಿದಳು. ನೊನ್ನಾ ತಮ್ಮೂರಿನ ಬಸ್ಸಿನ ಕತೆ ಹೇಳುವಾಗ ಅವಳು ನಿದ್ದೆಯಲ್ಲಿದ್ದಳು. ಆಮೇಲೆ ನಾನಾಗಲಿ ನೊನ್ನಾ ಆಗಲಿ ಬಸ್ಸು ಎಂಬ ಮಾತನ್ನು ಬಾಯಿಬಿಟ್ಟು ಆಡಿದ್ದೆವೇ? ಹಾರ್ನ್ ಕೇಳಿದಾಗ "ಬಸ್ಸು!" ಎಂದು ಕೂಗಿರಬಹುದು. ಕೂಗಲಿಲ್ಲ ಎಂದು ನನ್ನ ನೆನಪು. ಇಷ್ಟು ವರ್ಷ ಮತ್ತೆ ಮತ್ತೆ ತಿರುಗಿಸಿದ ನೆನಪನ್ನು ಎಷ್ಟು ನಂಬುವುದು? ಸ್ನಾನ ಮಾಡುವಾಗ, ತರಕಾರಿ ಹೆಚ್ಚುವಾಗ, ಫ್ರೀವೇಯಲ್ಲಿ ಹೋಗುವಾಗ ನಾನು ಆ ತಿರುವಿಗೆ ವಾಪಸ್ ಹೋಗುತ್ತೇನೆ. ಹಾರ್ನ್ ಮಾಡುತ್ತೇನೆ, ಗೇರು ಇಳಿಸುತ್ತೇನೆ. ಕೆಲವು ಸಲ ಉತ್ತರ ಬರುವುದಿಲ್ಲ.

ಅದನ್ನು ನಾನು ಒಂದು ಎಚ್ಚರಿಕೆ ಎಂದೇ ಬಹಳ ಕಾಲ ಎಣಿಸಿದ್ದೆ. ಯಾವುದೋ ಒಳ್ಳೆಯ ಶಕ್ತಿ ನಮ್ಮನ್ನು ತಡೆಯಿತು ಎಂದುಕೊಳ್ಳುವುದರಲ್ಲಿ, ಹೇಳಿಕೊಳ್ಳಲು ನಾಚಿಕೆಯಾದರೂ, ಒಂದು ಸಮಾಧಾನ ಇತ್ತು. ಒಂದೆರಡು ವರ್ಷದ ಮೇಲೆ ಒಂದು ಬೆಳಿಗ್ಗೆ ನೊನ್ನಾರ ಅಡುಗೆಮನೆಯಲ್ಲಿ ಕಡಲೆಹಿಟ್ಟು ಕಲಸುತ್ತ ಅದನ್ನೇ ಅವರಿಗೆ ಹೇಳಿದೆ. ಆ ಬಸ್ಸು ನಮ್ಮನ್ನು ಉಳಿಸಿತು ಎಂದೆ. ಅವರು ಎಲೆ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಉಳಿಸಿತು ಅಂತ ಯಾರು ಹೇಳಿದ್ದು ನಿನಗೆ?" ಎಂದರು. "ಬಸ್ಸು ಹಾರ್ನ್ ಮಾಡೋದು ಯಾಕೆ? ನಾನು ಬರ್ತಾ ಇದ್ದೀನಿ ಅಂತ. ಅಷ್ಟೇ ಅದಕ್ಕೆ ಗೊತ್ತಿರೋದು."

"ಆದರೆ ಬರಲಿಲ್ಲವಲ್ಲ ನೊನ್ನಾ?"

"ಬರಲಿಲ್ಲ. ನಮ್ಮೂರಲ್ಲೂ ತುಂಬಾ ಸಲ ತಡವಾಗೋದು" ಎಂದು ನಕ್ಕು, ಎಲೆಗಳನ್ನು ಒರಳಿಗೆ ಹಾಕಿದರು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ನನಗೆ ಅವತ್ತು ಮೊದಲ ಸಲ ನಿದ್ದೆ ಬರಲಿಲ್ಲ.

ಮರುವರ್ಷ ವಸಂತದಲ್ಲಿ ನೊನ್ನಾ ಹೋದರು. ಕಾಯಿಲೆ ಬಿದ್ದವರಲ್ಲ. ಬೆಳಿಗ್ಗೆ ನಾನೇ ಹೋಗಿ ನೋಡಿದೆ. ಹೊರಗೆ ಹೋಗುವ ಕೋಟು ಹಾಕಿಕೊಂಡು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಮುಂಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತೇ ಇದ್ದರು. ಎಲ್ಲಿಗೆ ಹೊರಟಿದ್ದರೋ ಗೊತ್ತಿಲ್ಲ, ಅವತ್ತು ಅವರಿಗೆ ಎಲ್ಲೂ ಹೋಗುವ ಕೆಲಸವಿರಲಿಲ್ಲ. ಅವರನ್ನು ಹಾಗೆ ನೋಡಿದಾಗ ದುಃಖದ ನಡುವೆಯೇ ನನಗೆ ಒಂದು ಬಗೆಯ ನೆಮ್ಮದಿಯೂ ಆಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಬರಬೇಕಾದ್ದು ಬಂದು ಹೋಯಿತು, ಇನ್ನು ಮುಗಿಯಿತು ಎನಿಸಿತು.

ಆ ನೆಮ್ಮದಿ ಅವರ ಮಣ್ಣು ಮುಗಿಯುವವರೆಗೂ ಉಳಿಯಲಿಲ್ಲ. ಪಿಯೆತ್ರೋ ಸಮಾಧಿಯ ಪಕ್ಕ ನಿಂತು ತನಗೇ ತಾನು ಆ ಮೂರು ಸ್ವರಗಳನ್ನು ಮೆಲ್ಲಗೆ ಹಾಡಿಕೊಂಡ. ಅದು ಅವರ ಬಸ್ಸು. ನಾನು ಕೇಳಿದ್ದು ಬೇರೆ, ಅದು ಇನ್ನೂ ಬಂದಿಲ್ಲ.

ಯಜಮಾನರು ನಿವೃತ್ತರಾದ ಮೇಲೆ ಲಿಗೂರಿಯಾಗೆ ಹೋಗಿ ಬರೋಣ ಎಂದು ಎರಡು ಸಲ ಹೊರಡಿಸಿದರು. ಎರಡು ಸಲವೂ ನಾನು ಏನೋ ನೆಪ ಹೇಳಿದೆ. ಮಾದಪ್ಪನ ಬೆಟ್ಟಕ್ಕೂ ಆಮೇಲೆ ಹೋಗಿಲ್ಲ. ರಬ್ಬರ್ ಹಾರ್ನಿನ ಬಸ್ಸುಗಳು ಈಗ ಎಲ್ಲೂ ಇಲ್ಲ, ನನಗೆ ಗೊತ್ತು. ನನ್ನ ಮಟ್ಟಿಗಾದರೆ ನಾನು ಹೇಗೋ ಇದ್ದುಬಿಡುತ್ತೇನೆ. ವಯಸ್ಸಾಯಿತು, ಬರುವುದು ಬರಲಿ. ಆದರೆ ಅವತ್ತು ಕಾರಿನಲ್ಲಿ ಮೂವರಿದ್ದೆವು.

ವಿನುಗೆ ಈಗ ಅವಳದೇ ಮಕ್ಕಳಿದ್ದಾರೆ. ಬೆಟ್ಟದ ಆಚೆ, ಸಮುದ್ರದ ಕಡೆ ಅವಳ ಮನೆ. ದಿನಾ ಬೆಟ್ಟ ದಾಟಿ ಕೆಲಸಕ್ಕೆ ಬರುತ್ತಾಳೆ. ಆ ಮಧ್ಯಾಹ್ನದ ಬಗ್ಗೆ ಅವಳಿಗೆ ನೆನಪಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಒಂದೇ ಒಂದು ಮಾತು ಕೇಳಿದರೆ ಗೊತ್ತಾಗುತ್ತದೆ. ಅವಳಿಗೂ ಕೇಳಿಸಿತ್ತೇ, ಕೇಳಿಸಿದ್ದರೆ ಅದು ಹೇಗಿತ್ತು. ಎಷ್ಟೋ ಸಲ ಫೋನು ಕೈಗೆತ್ತಿಕೊಂಡಿದ್ದೇನೆ. ಅವಳು ಹಲೋ ಅಮ್ಮಾ ಎನ್ನುತ್ತಾಳೆ. ಊಟ ಆಯ್ತಾ ಎಂದು ಕೇಳಿ ಇಟ್ಟುಬಿಡುತ್ತೇನೆ.